ಅಷ್ಟಮಿಯ ಭಾನುವಾರ

ಮೇಷ್ಟ್ರು ಪಾಠ ಶುರು ಮಾಡುವ ಮುಂಚೆ ಹೇಳುತ್ತಿದ್ದದ್ದು ಒಂದೇ ಮಾತು, "ಕೂತ್ಕೊ" ಅಂತ. ಆಮೇಲೆ ಶಾಂತಿಮಂತ್ರ, ಅದಾದ ಮೇಲೆ ವೇದಾಂತಸೂತ್ರಗಳ ಭಾಷ್ಯ. ಪಾಠವಿಲ್ಲದ ದಿನ ಹೋದರೆ ಆ ಮಾತು ಬರುತ್ತಿರಲಿಲ್ಲ. ಅಂಥ ದಿನ ಜಗುಲಿಯ ಕಂಬದ ಪಕ್ಕ ನಿಂತೇ ಹಳೆಯ ಪಾಠ ಒಪ್ಪಿಸಬೇಕು. ಅವರು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕೇಳಿಸಿಕೊಳ್ಳುವರು. ನಾನು ತಪ್ಪಿದ ಕಡೆ ಒಮ್ಮೆ ಕೆಮ್ಮುವರು. ಕೆಮ್ಮಿದರೆ ಆ ಸಾಲನ್ನು ಮೊದಲಿಂದ ಹೇಳಬೇಕು. ಎಷ್ಟೋ ಸಲ ಅದು ನಿಜವಾದ ಕೆಮ್ಮೋ ನನ್ನ ತಪ್ಪೋ ಗೊತ್ತಾಗದೆ, ಸರಿಯಾಗಿದ್ದ ಸಾಲನ್ನೇ ಮತ್ತೆ ಹೇಳಿ ಬೈಸಿಕೊಂಡಿದ್ದೇನೆ.

ಪಾಠವಿಲ್ಲದ ದಿನ ಅಂದರೆ ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆ, ಪಾಡ್ಯ. ವೇದಾಂತ ಓದುವವರಿಗೆ ಅವು ಅನಧ್ಯಯನದ ದಿನಗಳು. ಹಳೆಯದನ್ನು ಮೆಲುಕು ಹಾಕಬಹುದು, ಹೊಸದನ್ನು ಒಂದಕ್ಷರವೂ ಹೇಳಬಾರದು, ಕೇಳಬಾರದು. ಅಷ್ಟಮಿಯ ಪಾಠದಿಂದ ಗುರುವಿಗೆ ಕೇಡು, ಚತುರ್ದಶಿಯದರಿಂದ ಶಿಷ್ಯನಿಗೆ, ಅಮಾವಾಸ್ಯೆಯದರಿಂದ ಇಬ್ಬರಿಗೂ, ಪಾಡ್ಯದ್ದರಿಂದ ಕಲಿತ ವಿದ್ಯೆಗೇ ಕೇಡು ಅನ್ನುವ ನಂಬಿಕೆ. ಮೇಷ್ಟ್ರು ಇದನ್ನು ಮೊದಲ ದಿನವೇ ಹೇಳಿದ್ದರು. ನಾನು ಅವತ್ತೇ ಮಾಗಡಿ ಪೇಟೆಯಲ್ಲಿ ಒಂದು ಪಂಚಾಂಗ ಕೊಂಡು ಮನೆಗೆ ಹೋದೆ.

ನಾನು ಹುಟ್ಟಿದ್ದು ಗುಡೇಮಾರನಹಳ್ಳಿ ಕಡೆ, ರಾಗಿ ಬೆಳೆಯುವ ಮನೆಯಲ್ಲಿ. ಮಾಗಡಿಯ ಹೈಸ್ಕೂಲಿನಲ್ಲಿ ಮೇಷ್ಟ್ರು ಸಂಸ್ಕೃತ ಹೇಳುತ್ತಿದ್ದರು. ಮಾರ್ಕು ಸುಲಭವಾಗಿ ಸಿಗುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಆ ತರಗತಿಗೆ ಸೇರಿದವಳು ನಾನು. ಮಾರ್ಕಿನ ಆಸೆ ಯಾವಾಗ ಹೋಯಿತು, ಓದಿನ ಹುಚ್ಚು ಯಾವಾಗ ಹಿಡಿಯಿತು ಅನ್ನುವುದು ನನಗೂ ಗೊತ್ತಿಲ್ಲ. ಪ್ರಥಮಾ, ಕಾವ್ಯ, ಸಾಹಿತ್ಯ ಅಂತ ಒಂದೊಂದೇ ಪರೀಕ್ಷೆ ಕಟ್ಟಿ, ಮದುವೆಯಾಗಿ, ಮಗಳು ಹುಟ್ಟಿ, ಆಮೇಲೂ ಬಿಡದೆ ವೇದಾಂತದ ವಿದ್ವತ್ತಿನವರೆಗೆ ಬಂದೆ. ಅಷ್ಟರಲ್ಲಿ ಮೇಷ್ಟ್ರಿಗೆ ರಿಟೈರಾಗಿ ಎಷ್ಟೋ ಕಾಲವಾಗಿತ್ತು. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಮಗಳೊಂದಿಗೆ ಮಾಗಡಿಯ ಹಳೇ ಬೀದಿಯಲ್ಲಿ ಇದ್ದರು.

ಹೊಲ ಗೇಯುವ ಮನೆಯ ಹೆಂಗಸಿಗೆ ಭಾಷ್ಯದ ಪಾಠ ಹೇಳುತ್ತಾರೆ ಅಂತ ಅವರ ಬೀದಿಯಲ್ಲಿ ಗುಸುಗುಸು ಇತ್ತು. ಒಂದಿಬ್ಬರು ಅವರ ಮನೆಯ ಶ್ರಾದ್ಧಕ್ಕೆ ಬರುವುದನ್ನೇ ಬಿಟ್ಟರು. ಅವರು ಕ್ಯಾರೇ ಅನ್ನಲಿಲ್ಲ. ಅದಕ್ಕೇ ನನಗೆ ಒಮ್ಮೆ ಸಿಟ್ಟು ಬಂದು ಕೇಳಿಬಿಟ್ಟೆ, ನನ್ನಂಥವಳಿಗೆ ಪಾಠ ಹೇಳುವ ಧೈರ್ಯ ಇರುವವರು ಅಷ್ಟಮಿಗೆ ಯಾಕೆ ಹೆದರುತ್ತೀರಿ ಅಂತ.

"ನಿನಗೆ ಹೇಳಬಾರದು ಅಂತ ಕಟ್ಟು ಮಾಡಿದ್ದು ಜನ. ಅದನ್ನ ಮುರಿದರೆ ಜನಕ್ಕೆ ಕೋಪ ಬರತ್ತೆ, ಬರಲಿ," ಅಂದರು. "ಅಷ್ಟಮಿಗೆ ಹೇಳಬೇಡ ಅಂದದ್ದು ನನ್ನ ಗುರುಗಳು. ಅವರ ಮಾತು ಮುರಿದು ಅವರ ವಿದ್ಯೆ ಹೇಗಮ್ಮ ಹೇಳಲಿ?"

ಒಳಗೊಳಗೇ ಆ ಮಾತು ನನಗೆ ಇಷ್ಟವಾಯಿತು.

ಬಿಡದಿ ಕಡೆಯ ನನ್ನ ಗಂಡನ ಮನೆಯಲ್ಲಿ ಆಗ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು. ಹುಳು ಕೊನೆಯ ಸಲ ಪೊರೆ ಬಿಟ್ಟು ನಾಲ್ಕನೇ ಜ್ವರದಿಂದ ಎದ್ದವೆಂದರೆ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ, ಹೊತ್ತುಹೊತ್ತಿಗೆ ಸೊಪ್ಪು ಹಾಕುತ್ತಲೇ ಇರಬೇಕು. ಹಣ್ಣಾದ ಹುಳುವನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನವಂತೂ ಊಟ ನಿಂತುಕೊಂಡೇ. ಆ ದಿನ ಮಾಗಡಿಗೆ ಹೋಗುವುದಿರಲಿ, ಬಸ್ಸಿನ ಸದ್ದು ಕೇಳಿದರೂ ನನಗೆ ಅಳು ಬರುತ್ತಿತ್ತು. ಕೆಲಸ ತೀರಿಸಿ, ಕೈ ತೊಳೆದು ಪಂಚಾಂಗ ತೆಗೆದರೆ ಪಾಡ್ಯ ಇರುತ್ತಿತ್ತು.

"ದ್ಯಾವ್ರ ಇಸ್ಯ ಓದಾಕೂ ರಜಾ ಐತೇನವ್ವ?" ಅಂತ ಅತ್ತೆ ಕೇಳುತ್ತಿದ್ದರು. "ನಮ್ಮ ಉಳಕ್ಕೆ ಒಂದಿನ ಅಮಾಸೆ ಅಂತ ಸೊಪ್ಪಾಕ್ದೆ ಇರು ನೋಡವಾ, ಏನಾಯ್ತದೆ ಅಂತ."

ಅತ್ತೆಯ ಕೊಂಕಿನಲ್ಲಿ ವಿಷ ಇರಲಿಲ್ಲ. ನಾನು ಪುಸ್ತಕ ಹಿಡಿದಿದ್ದರೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹಿತ್ತಲಿಗೆ ಹೋಗುವವರೂ ಅವರೇ. ಗಂಡ ನನ್ನನ್ನು ಪಂಡಿತಮ್ಮ ಅನ್ನುತ್ತಿದ್ದ. ಪುಸ್ತಕದ ಒಂದು ಪುಟ ನೋಡಿ, ಇಷ್ಟು ದೊಡ್ಡ ಪದ ಓದಿ ಮುಗಿಸುವಷ್ಟರಲ್ಲಿ ಒಂದು ಸಾಲು ಹಿಪ್ಪುನೇರಳೆ ಕಡ್ಡಿ ನೆಡಬಹುದು ಅಂದಿದ್ದ.

ಮಗಳು ಶಾಲೆಗೆ ಸೇರುವ ಹೊತ್ತಿಗೆ ತೋಟಕ್ಕೆ ಸರ್ಕಾರದವರು ಬಂದು ಅಳತೆಯ ಕಲ್ಲು ನೆಟ್ಟರು. ಕೈಗಾರಿಕೆಗೆ ಜಾಗ ಬೇಕು ಅಂತ ನಮ್ಮ ಸಾಲಿನ ಹೊಲಗಳೆಲ್ಲ ಹೋದವು. ಯಾರೂ ಸತ್ತಿರಲಿಲ್ಲ, ಆದರೂ ಅತ್ತೆ ಸೂತಕದವರಂತೆ ಮೂಲೆ ಹಿಡಿದು ಕೂತುಬಿಟ್ಟರು. ಖಾಲಿ ಚಂದ್ರಿಕೆಗಳನ್ನು ಒಲೆಗೆ ಮುರಿದು ಹಾಕುವಾಗ ನಾನು ಅತ್ತೆಯ ಮುಖ ನೋಡಲಿಲ್ಲ. ಗಂಡ ಸ್ವಲ್ಪ ದಿನ ಕನಕಪುರದ ಕಡೆ ಗ್ರಾನೈಟ್ ಕೊಯ್ಯುವಲ್ಲಿ ಇದ್ದು, ದೂಳಿಗೆ ಕೆಮ್ಮು ಹತ್ತಿ, ವಾಪಸ್ ಬಂದು ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ಕಂಟ್ರಾಕ್ಟಿಗೆ ಸೇರಿದ. ವಾರಕ್ಕೊಂದು ಶಿಫ್ಟು. ನಮ್ಮ ಮನೆಯಲ್ಲಿ ಹಗಲು ಯಾವುದು ರಾತ್ರಿ ಯಾವುದು ಅನ್ನುವುದು ಅವನ ಶಿಫ್ಟಿನ ಮೇಲೆ ನಿಂತಿತು.

ನನಗೆ ರಾಮನಗರದ ಒಂದು ಶಾಲೆಯಲ್ಲಿ ಸಂಸ್ಕೃತ ಹೇಳುವ ಕೆಲಸ ಸಿಕ್ಕಿತು, ಖಾಯಂ ಅಲ್ಲ. ನನ್ನ ಬದುಕಿನಲ್ಲಿ ಒಳ್ಳೆಯ ಕಾಲ ಅಂತ ಒಂದಿದ್ದರೆ ಅದೇ. ಶಾಲೆ ಬಿಟ್ಟ ಮೇಲೆ ಮಾಗಡಿ ಬಸ್ಸು ಹತ್ತಿದರೆ, ತಿಥಿ ಸರಿಯಿದ್ದ ದಿನ ಪಾಠ ಮುಗಿಸಿ ಕತ್ತಲಾಗುವಷ್ಟರಲ್ಲಿ ಮನೆ. ಭಾಷ್ಯಕ್ಕೆ ನಾಲ್ಕು ಅಧ್ಯಾಯ. ಮೊದಲ ಮೂರು ಆ ಕಾಲದಲ್ಲೇ ಮುಗಿದವು. ವಸ್ತು ಏನು ಅಂತ ಒಂದರಲ್ಲಿ, ಎದುರಾಳಿಗಳ ವಾದ ಒಂದರಲ್ಲಿ, ಸಾಧನೆ ಒಂದರಲ್ಲಿ. ಕೊನೆಯದು ಫಲ, ಅಂದರೆ ಇಷ್ಟೆಲ್ಲ ತಿಳಿದವನಿಗೆ ಕೊನೆಗೆ ದಕ್ಕುವುದೇನು ಅನ್ನುವ ವಿಚಾರ. ಅದು ಶುರುವಾದಾಗ ಮೇಷ್ಟ್ರು, "ಇದು ಮುಗಿಯೋವರೆಗೆ ಪರೀಕ್ಷೆಗೆ ಕಟ್ಟಬೇಡ. ಪೂರ್ತಿ ಕೇಳಿ ಕಟ್ಟು," ಅಂದರು. ಅವರು ತಮ್ಮ ಗುರುಗಳ ಬಾಯಿಂದ ಕೊನೆಯ ಸಾಲಿನವರೆಗೆ ಕೇಳಿದ್ದರಂತೆ. ತಾವು ಯಾರಿಗೂ ಅಷ್ಟು ದೂರ ಹೇಳಿರಲಿಲ್ಲ. ಅವರ ಶಿಷ್ಯರೆಲ್ಲ ನಡುವೆ ಎಲ್ಲೋ ಕೆಲಸ ಸಿಕ್ಕಿ ಬಿಟ್ಟುಹೋದವರು.

ಶಾಲೆಯವರೂ ಹಾಗೇ ಒಂದು ಆಸೆ ಹುಟ್ಟಿಸಿದ್ದರು. ವಿದ್ವತ್ತು ಮುಗಿಸಿಕೊಂಡು ಬಂದರೆ ಖಾಯಂ ಮಾಡುತ್ತೇವೆ ಅಂತ. ಆದರೆ ಮಾರನೇ ವರ್ಷ ಮಕ್ಕಳ ಅಪ್ಪಂದಿರು ಬಂದು ಸಂಸ್ಕೃತ ಬೇಡ, ಕಂಪ್ಯೂಟರ್ ಹೇಳಿಕೊಡಿ ಅಂದರು. ನನ್ನನ್ನು ಬಿಡಿಸಿದರು. ಊರಾಚೆಯ ಅವರ ಇನ್ನೊಂದು ಶಾಲೆಯಲ್ಲಿ ಒಂದು ಜಾಗ ಇದೆ, ಬೇಗ ಪಾಸು ಮಾಡಿಕೊಂಡು ಬಾರಮ್ಮ, ಇಟ್ಟಿರುತ್ತೇವೆ ಅಂತ ಹೆಡ್‌ಮಾಸ್ಟರು ಸಮಾಧಾನ ಹೇಳಿದರು. ಮನೆ ನಡೆಯಬೇಕಲ್ಲ, ನಾನು ಗಾರ್ಮೆಂಟ್ಸಿಗೆ ಸೇರಿದೆ.

ಬೆಳಗ್ಗೆ ವ್ಯಾನು ಬಂದು ನಮ್ಮನ್ನು ತುಂಬಿಕೊಂಡು ಹೋಗುತ್ತಿತ್ತು. ನನ್ನದು ಚೆಕಿಂಗ್. ಶರ್ಟಿನ ಕಾಲರು ಮಗುಚಿ ಹೊಲಿಗೆ ನೋಡುವುದು, ಉಳಿದ ದಾರ ಕತ್ತರಿಸುವುದು. ಕೈಗೆ ಅಷ್ಟು ಕೆಲಸ ಕೊಟ್ಟು ಬಾಯಲ್ಲಿ ಹಳೆಯ ಪಾಠ ಹೇಳಿಕೊಳ್ಳುತ್ತಿದ್ದೆ. ಸೂಪರ್‌ವೈಸರ್ ಒಂದು ದಿನ ನಿಂತು ನೋಡಿ, "ಏನಕ್ಕಾ, ಕಂಪ್ನಿಗೆ ಶಾಪ ಹಾಕ್ತಾ ಇದೀಯಾ?" ಅಂದ. ಸುತ್ತಲಿದ್ದ ಹೆಂಗಸರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಅವತ್ತು ಮನೆಗೆ ಬರುವಾಗ ವ್ಯಾನಿನಲ್ಲಿ ನನಗೆ, ಈ ಓದು ಯಾರಿಗೆ ಬೇಕಾಗಿದೆ ಅನ್ನುವ ಯೋಚನೆ ಮೊದಲ ಸಲ ಬಂತು. ಬಂದದ್ದು ಮತ್ತೆ ಹೋಗಲಿಲ್ಲ.

ಈಗ ನನ್ನ ಕೈಗೆ ಸಿಗುತ್ತಿದ್ದದ್ದು ಭಾನುವಾರ ಒಂದೇ. ಅದರಲ್ಲೂ ಶಿಪ್ಮೆಂಟ್ ಇದ್ದರೆ ಓಟಿ ಅಂತ ಅವತ್ತೂ ಕೆಲಸ. ಉಳಿದ ಭಾನುವಾರಕ್ಕೆ ಕೈಚಾಚುವವರು ಇಬ್ಬರು. ಒಬ್ಬರು ಮೇಷ್ಟ್ರು, ಇನ್ನೊಬ್ಬಳು ಮಗಳು. ಮಗಳಿಗೆ ಬೇಕಾಗಿದ್ದದ್ದು ದೊಡ್ಡದೇನೂ ಅಲ್ಲ. ನಾನು ಅವಳ ತಲೆಗೆ ಹರಳೆಣ್ಣೆ ತಟ್ಟಿ, ಸೀಗೆಪುಡಿ ಹಾಕಿ ತಲೆ ತೊಳೆದು, ಬಿಸಿಲಲ್ಲಿ ಕೂರಿಸಿ ಸಿಕ್ಕು ಬಿಡಿಸಬೇಕು. ಅಜ್ಜಿ ಮಾಡಿದರೆ ಬೇಡ, ನಾನೇ ಆಗಬೇಕು. ಬಸ್ಸಿನ ಹೊತ್ತಾಯಿತು ಅಂತ ನಾನು ಅರ್ಧ ಸಿಕ್ಕಿನಲ್ಲಿ ಎದ್ದು ಹೋದ ಭಾನುವಾರಗಳಿಗೆ ಲೆಕ್ಕವಿಲ್ಲ.

ಪಂಚಾಂಗಕ್ಕೂ ಕ್ಯಾಲೆಂಡರಿಗೂ ಇರುವ ಹಗೆತನ ನನಗೆ ಗೊತ್ತಾದದ್ದು ಆಗಲೇ. ಭಾನುವಾರ ಒಮ್ಮೆ ಅಷ್ಟಮಿಗೆ ಬಿತ್ತೋ, ಮುಂದಿನ ಭಾನುವಾರ ಹುಣ್ಣಿಮೆ. ಅದರ ಮುಂದಿನದು ಮತ್ತೆ ಅಷ್ಟಮಿ. ಅದರಾಚೆಯದು ಅಮಾವಾಸ್ಯೆ. ತಿಂಗಳಿಗೆ ತಿಂಗಳೇ ಬಾಗಿಲು ಹಾಕಿಕೊಂಡುಬಿಡುತ್ತದೆ. ವಾರವೆಲ್ಲ ಪಾಠಕ್ಕೆ ತೆರೆದ ದಿನಗಳು, ನನಗೆ ಮಾತ್ರ ಆ ದಿನಗಳು ಕಾಲರಿನ ಒಳಗೆ ಕಳೆದುಹೋಗುತ್ತಿದ್ದವು.

ಅಂಥದೇ ಒಂದು ತಿಂಗಳು ಬಂತು. ಕೊನೆಯ ಅಧ್ಯಾಯದ ಕೊನೆಯ ಪಾದ, ಅಂದರೆ ಕಾಲುಭಾಗ ಉಳಿದಿತ್ತು, ನಾಲ್ಕಾರು ಭಾನುವಾರದ ಪಾಠ. ಪರೀಕ್ಷೆಗೆ ಕಟ್ಟುವ ಗಡುವು ಹತ್ತಿರ ಬರುತ್ತಿತ್ತು. ಶಾಲೆಯ ಜಾಗವನ್ನು ಈ ವರ್ಷ ದಾಟಿಸಿ ಇಡುವುದಿಲ್ಲ ಅಂತ ಹೆಡ್‌ಮಾಸ್ಟರು ಹೇಳಿಕಳಿಸಿದ್ದರು. ಮೊದಲ ಭಾನುವಾರ ಅಷ್ಟಮಿ. ಹೋದೆ, ಕಂಬದ ಪಕ್ಕ ನಿಂತು ಹಳೆಯದನ್ನು ಒಪ್ಪಿಸಿ ಬಂದೆ. ಎರಡನೆಯದು ಹುಣ್ಣಿಮೆ, ಅವತ್ತೂ ಹಾಗೇ.

ಗಂಡನಿಗೆ ರೇಗಿತು. "ನಿಂತ್ಕಂಡು ಬರಾಕೆ ಅಲ್ಲಿಗಂಟ ಓಯ್ತೀಯಾ?" ಅಂದ. "ಒಂದು ಗೈಡ್ ತಗಂಡು ಬರ್ದ್ಬುಡು ಕಣಮ್ಮಿ. ಪಾಸಾದ್ರೆ ಸಾಕಲ್ವಾ? ಮೊಗಾ ನೋಡ್ಕೊ ಒಸಿ, ಎಂಗಾಗೋಗಿದೀಯ."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗೈಡು ಓದಿ ಪಾಸಾದವರನ್ನು ನಾನೇ ನೋಡಿದ್ದೆ. ಆದರೆ ನನಗೆ ಆ ಪುಸ್ತಕ ಪೂರ್ತಿಯಾಗಿ, ಅವರ ಬಾಯಿಂದ, ಕೊನೆಯ ಸಾಲಿನವರೆಗೆ ಬೇಕಿತ್ತು. ಹೊಲ ಹೋಗಿತ್ತು, ಶಾಲೆ ಹೋಗಿತ್ತು, ಮಗಳ ಭಾನುವಾರ ಹೋಗಿತ್ತು. ಇದೊಂದಾದರೂ ತುದಿ ಮುಟ್ಟಲಿ ಅನ್ನುವ ಹಟ.

ಮೂರನೆಯ ಭಾನುವಾರ ಮತ್ತೆ ಅಷ್ಟಮಿ. ನಾನು ಹೋದಾಗ ಮೇಷ್ಟ್ರು ಎಂದಿನಂತೆ ಬತ್ತಿ ಹೊಸೆಯುತ್ತಿದ್ದರು. ಬತ್ತಿ ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡರು, ಮತ್ತೆ ಬಿತ್ತು. ವಯಸ್ಸಾಯಿತಲ್ಲ ಅಂದುಕೊಂಡು ನಾನೇ ಬಗ್ಗಿ ತೆಗೆದುಕೊಟ್ಟೆ. ಕಂಬದ ಪಕ್ಕ ನಿಂತು ಇನ್ನೇನು ಶುರು ಮಾಡಬೇಕು, ಅವರು ಅಂದರು:

"ಕೂತ್ಕೊ."

ನನಗೆ ಕೇಳಿಸಿದ್ದು ನಿಜವೇ ಅಂತ ಅನುಮಾನವಾಗಿ, "ಇವತ್ತು ಅಷ್ಟಮಿ, ಮೇಷ್ಟ್ರೇ," ಅಂದೆ.

"ಗೊತ್ತು. ಪಂಚಾಂಗ ನಿನಗಿಂತ ಮುಂಚಿಂದ ನೋಡ್ತಿದೀನಿ. ಕೂತ್ಕೊ, ಕೊನೇ ಪಾದ ಶುರು ಮಾಡೋಣ."

"ಬೇಡ ಮೇಷ್ಟ್ರೇ."

"ಅಷ್ಟಮಿ ತಾನೆ? ಕೇಡಾದರೆ ನನಗಲ್ವೇನಮ್ಮ? ನಿನಗೇನೂ ಆಗಲ್ಲ."

"ನಿಮಗೆ ಅಂತಲೇ ಬೇಡ ಅಂತಿರೋದು."

ನಾನು ಕೂರಲಿಲ್ಲ. ಅವರ ಮಗಳು ಬಾಗಿಲಿಗೆ ಬಂದು ನಿಂತು ಇಬ್ಬರನ್ನೂ ನೋಡಿ ಒಳಗೆ ಹೋದರು. ಆ ಹೊತ್ತಿನಲ್ಲಿ ನನಗೆ ಹೆದರಿಕೆಯಾಗಿತ್ತು, ಅದು ನಿಜ. ಅದರ ಜೊತೆಗೆ ಒಂದು ಬಗೆಯ ಜಂಬವೂ ಇತ್ತು. ಇವರು ವಯಸ್ಸಿನಿಂದ ಮೆತ್ತಗಾಗಿದ್ದಾರೆ, ಇವರ ಗುರುಗಳ ಮಾತನ್ನು ಇವರಿಂದ ಕಾಪಾಡುವವಳು ನಾನೇ ಅಂದುಕೊಂಡೆ. ಅಮಾವಾಸ್ಯೆ ಕಳೆದರೆ ತೆರೆದ ಭಾನುವಾರ ಬಂದೇ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅನ್ನುವ ಧೈರ್ಯ ಬೇರೆ.

ಮೇಷ್ಟ್ರು ಭಾಷ್ಯವನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕೆ ಇಟ್ಟು, "ಚೆನ್ನಾಗಿ ಕಲಿತಿದೀಯ," ಅಂದರು. ಆ ದನಿಯಲ್ಲಿ ಮೆಚ್ಚುಗೆ ಇರಲಿಲ್ಲ. ನಾನು ನಿಂತೇ ಹಳೆಯ ಪಾಠ ಒಪ್ಪಿಸಿದೆ. ಅವತ್ತು ಅವರು ಒಂದು ಸಲವೂ ಕೆಮ್ಮಲಿಲ್ಲ.

ಅಮಾವಾಸ್ಯೆಯ ಭಾನುವಾರ ಓಟಿ ಇತ್ತು, ಹೋದೆ. ಹೇಗೂ ಪಾಠವಿಲ್ಲವಲ್ಲ ಅಂತ ಸಮಾಧಾನ. ಅದರ ಮುಂದಿನ ಭಾನುವಾರ ತೆರೆದ ದಿನ. ಮತ್ತೆ ಓಟಿ ಅಂದ ಸೂಪರ್‌ವೈಸರನೊಂದಿಗೆ ಜಗಳವಾಡಿ ರಜ ತೆಗೆದುಕೊಂಡೆ. ಬೆಳಗ್ಗೆ ಮಗಳು ಎಣ್ಣೆ ಬಟ್ಟಲು ಹಿಡಿದು ಬಂದು ನಿಂತಿದ್ದಳು. ಮುಂದಿನ ವಾರ ಖಂಡಿತ ಅಂದೆ. ಅವಳು ಬಟ್ಟಲನ್ನು ಗೂಡಿನಲ್ಲಿಟ್ಟು ಆಡಲು ಹೋದಳು, ಅಳಲೂ ಇಲ್ಲ.

ಮಾಗಡಿಯಲ್ಲಿ ಅವರ ಮನೆಯ ಜಗುಲಿ ಖಾಲಿ. ಒಳಗೆ ನಡುಮನೆಯಲ್ಲಿ ಮಂಚ ಹಾಕಿದ್ದರು. ಮೇಷ್ಟ್ರು ಮಲಗಿದ್ದರು, ಬಾಯಿ ಒಂದು ಕಡೆಗೆ ಎಳೆದಿತ್ತು, ಬಲಗೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ಲಕ್ವ ಹೊಡೆದು ಮೂರು ದಿನವಾಗಿತ್ತಂತೆ. ಆಸ್ಪತ್ರೆಯವರು ನೋಡಿ, ಇನ್ನು ಮನೆಯಲ್ಲೇ ಇರಲಿ ಅಂದಿದ್ದರು.

ನನ್ನನ್ನು ಕಂಡು ಅವರ ಕಣ್ಣು ಅರಳಿತು. "ಕೂತ್ಕೊ," ಅಂದರು, ಸ್ಪಷ್ಟವಾಗಿ.

ನನಗೆ ಹೋದ ಜೀವ ಬಂದಂತಾಯಿತು. ಮಾತು ಉಳಿದಿದೆ, ಮಿಕ್ಕಿದ್ದು ಹೇಗಾದರೂ ಆಗುತ್ತದೆ ಅಂತ ಮಂಚದ ಪಕ್ಕ ಕೂತು, ಹೇಗಿದ್ದೀರಿ ಮೇಷ್ಟ್ರೇ ಅಂತ ಕೇಳಿದೆ.

"ಕೂತ್ಕೊ," ಅಂದರು.

"ಕೂತಿದೀನಿ. ನೀರು ಬೇಕಾ?"

"ಕೂತ್ಕೊ. ಕೂತ್ಕೊ."

ಅವರ ಮಗಳು ಸೆರಗಿನಿಂದ ಅವರ ಬಾಯಿ ಒರೆಸಿ, ನನ್ನ ಕಡೆ ತಿರುಗದೆ ಹೇಳಿದರು. "ಅದೊಂದೇ ಉಳಿದಿರೋದು ಕಣಮ್ಮ. ನೀರು ಬೇಕಾದರೂ ಅದೇ, ನೋವಾದರೂ ಅದೇ. ಡಾಕ್ಟ್ರಿಗೂ ಅದನ್ನೇ ಅಂದರು. ಹಾಲಿನವನಿಗೂ ಅದನ್ನೇ."

ಅಲ್ಲಿಂದ ಎದ್ದು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಅಷ್ಟು ದೊಡ್ಡ ದನಿಯಲ್ಲಿ ನಾನು ಹೊಲ ಹೋದಾಗಲೂ ಅತ್ತಿರಲಿಲ್ಲ. ಕೂತಿದ್ದರೆ ಅವತ್ತು ಒಂದು ಪಾಠವಾದರೂ ಆಗುತ್ತಿತ್ತು. ಕೇಡು ಹೇಗೂ ಬಂತು, ಪಾಠ ಹೇಳದಿದ್ದರೂ ಬಂತು. ಹಾಗಾದರೆ ನಾನು ಕಾಪಾಡಿದ್ದು ಯಾರನ್ನು? ಈ ಪ್ರಶ್ನೆಗೆ ನಾಲ್ಕು ಅಧ್ಯಾಯದಲ್ಲಿ ಎಲ್ಲೂ ಉತ್ತರ ಇಲ್ಲ, ನಾನು ಓದಿದ ಮಟ್ಟಿಗೆ.

ಆ ವರ್ಷ ನಾನು ಪರೀಕ್ಷೆಗೆ ಕಟ್ಟಲಿಲ್ಲ. ಗಂಡ ಹೇಳಿದ ಗೈಡು ತಂದು ತೆರೆದು ನೋಡಿದೆ. ಕೊನೆಯ ಪಾದದ ಸಾರವನ್ನು ಎರಡು ಪುಟದಲ್ಲಿ ಬರೆದುಬಿಟ್ಟಿದ್ದರು. ಓದಿದೆ, ಅರ್ಥವೂ ಆಯಿತು. ಆದರೆ ತಪ್ಪು ತಿಳಿದುಕೊಂಡ ಕಡೆ ಕೆಮ್ಮುವವರು ಯಾರೂ ಇರಲಿಲ್ಲ, ಹಾಗಾಗಿ ನನಗೆ ಅರ್ಥವಾದದ್ದರ ಮೇಲೆ ನನಗೇ ನಂಬಿಕೆ ಬರಲಿಲ್ಲ. ಶಾಲೆಯ ಜಾಗ ಬೇರೆಯವರಿಗೆ ಹೋಯಿತು. ಗೈಡನ್ನು ಅತ್ತೆ ಒಲೆ ಉರಿಗೆ ತೆಗೆದುಕೊಂಡಾಗ ನಾನು ಬೇಡ ಅನ್ನಲಿಲ್ಲ.

ಒಂದು ಭಾನುವಾರ ಓಟಿಯೂ ಇಲ್ಲ, ಎಲ್ಲಿಗೂ ಹೋಗುವುದಿಲ್ಲ ಅಂತ ನಿಶ್ಚಯಿಸಿ ಬೆಳಗ್ಗೆಯೇ ಎಣ್ಣೆ ಕಾಯಿಸಿ ಮಗಳನ್ನು ಕರೆದೆ. ಅವಳು ಬಚ್ಚಲಿಂದ ಒದ್ದೆ ತಲೆಗೆ ಟವಲು ಸುತ್ತಿಕೊಂಡು ಬಂದಳು. "ನಾನೇ ಸ್ನಾನ ಮಾಡ್ಕೊಂಡೆ ಕಣಮ್ಮ, ಶಾಂಪೂ ಹಾಕ್ಕೊಂಡೆ. ನೀನು ಮೇಷ್ಟ್ರ ಮನೆಗೆ ಓಗು, ಬಸ್ಸಿಗೆ ಒತ್ತಾಯ್ತದೆ," ಅಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಕಾಯಿಸಿದ ಎಣ್ಣೆಯನ್ನು ನನ್ನ ತಲೆಗೇ ತಟ್ಟಿಕೊಂಡೆ.

ಆಮೇಲೆ ಬಸ್ಸು ಹತ್ತಿದೆ. ಪಂಚಾಂಗ ನೋಡಲಿಲ್ಲ, ನೋಡುವ ಕೆಲಸವೂ ಇರಲಿಲ್ಲ. ಮಾಗಡಿ ಮುಟ್ಟಿದ ಮೇಲೆ ಹೂವಿನವಳು ಇವತ್ತು ಅಷ್ಟಮಿ ಅಂತ ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿತ್ತು.

ಮೇಷ್ಟ್ರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. "ಕೂತ್ಕೊ," ಅಂದರು. ಕೂತೆ. ಭಾಷ್ಯವನ್ನು ಬಟ್ಟೆಯಿಂದ ಬಿಚ್ಚಿ, ಮೊದಲಿಂದ ಅಲ್ಲ, ಕೊನೆಯ ಅಧ್ಯಾಯದ ಮೊದಲಿಂದ ಒಪ್ಪಿಸತೊಡಗಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಒಂದು ಕಡೆ ಬೇಕೆಂದೇ ಒಂದು ಪದ ತಪ್ಪಿ ಹೇಳಿ ನಿಂತೆ. ಕೆಮ್ಮಲಿ ಅಂತ ಕಾದೆ. ಕೆಮ್ಮಲಿಲ್ಲ. ನಾನೇ ತಿದ್ದಿಕೊಂಡು ಮುಂದೆ ಹೋದೆ. ಕಲಿತದ್ದು ಮುಗಿಯುವ ಜಾಗ ಬಂತು, ಅಲ್ಲಿ ನಿಲ್ಲಿಸಿದೆ.

ಮುಂದಿನ ಸಾಲು ಪುಸ್ತಕದಲ್ಲಿ ಕಣ್ಣೆದುರಿಗೇ ಇತ್ತು. ಮೇಷ್ಟ್ರು ಕಣ್ಣು ತೆರೆದು ಆ ಪುಟವನ್ನು ನೋಡಿದರು, ನನ್ನನ್ನು ನೋಡಿದರು. ಎಡಗೈ ನಿಧಾನವಾಗಿ ಎತ್ತಿ ಆ ಸಾಲಿನ ಮೇಲೆ ಬೆರಳಿಟ್ಟರು. ಹೇಳಬೇಕಾದದ್ದೆಲ್ಲ ಅವರ ಮುಖದಲ್ಲಿ ಬಂದು ನಿಂತಿತ್ತು, ಕುತ್ತಿಗೆಯ ನರ ಉಬ್ಬಿತು, ತುಟಿ ಅಲುಗಿತು.

"ಕೂತ್ಕೊ," ಅಂದರು.

"ಕೂತಿದೀನಿ, ಮೇಷ್ಟ್ರೇ," ಅಂದೆ.